ಒಂದು ‘ಇಲ್ಲ’ ತರಲು ನೇಪಾಳಕ್ಕೆ

ನನ್ನ ಮೊದಲ ವಿದೇಶ ಪ್ರವಾಸಕ್ಕೆ ವಿಮಾನ ಬೇಕಾಗಲಿಲ್ಲ, ವೀಸಾ ಬೇಕಾಗಲಿಲ್ಲ. ಅಲ್ಲಿ ನೋಡಲೇಬೇಕು ಎಂದು ಗುರುತು ಹಾಕಿಕೊಂಡ ಜಾಗವೂ ಇರಲಿಲ್ಲ. ನಾವಿಬ್ಬರು ಹೋದದ್ದು ನೇಪಾಳದ ಗುಡ್ಡಗಾಡಿನ ಒಂದು ಪೊಲೀಸ್ ಠಾಣೆಗೆ. ಅಲ್ಲಿಂದ ತರಬೇಕಾಗಿದ್ದದ್ದು ಒಂದೇ ಮಾತು: ‘ಇಲ್ಲ.’ ಅದೂ ಬರವಣಿಗೆಯಲ್ಲಿ, ಮೊಹರು ಸಮೇತ. ವಿಚಾರಣೆ ಇನ್ನೂ ನಡೆಯುತ್ತಿರುವುದರಿಂದ ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಸಂಭಾಜಿನಗರ, ಹೊರಡುವ ಮೊದಲು

ನನ್ನ ಜೊತೆಗಾರರು ಶರಣಪ್ಪ ಕಾಕಾ. ರಕ್ತಸಂಬಂಧವೇನಲ್ಲ. ನಾಸಿಕ್‌ನಲ್ಲಿ ನಮ್ಮ ಮನೆಯ ಕಂಪೌಂಡ್ ಗೋಡೆ ಕಟ್ಟಿದವರು. ನಮ್ಮಪ್ಪ ಬೀದರ ಕಡೆಯವರು, ಅವರು ಆಳಂದ ಕಡೆಯವರು. ಕಾಕಾ ಆಗಲು ಅಷ್ಟು ಸಾಕಾಗಿತ್ತು. ನಾನು ವಕೀಲಿಕೆಗೆ ಸೇರಿದ ದಿನದಿಂದ ಅವರು ನನ್ನ ಹೆಸರು ಹಿಡಿದು ಕರೆದಿಲ್ಲ, ‘ವಕೀಲಬಾಯಿ’ ಎನ್ನುತ್ತಾರೆ.

ಹಿಂದಿನ ವರ್ಷ ಗುತ್ತಿಗೆದಾರನೊಬ್ಬ ಕಾಕಾನ ಜೊತೆ ಇನ್ನೂ ಐವರನ್ನು ನೇಪಾಳಕ್ಕೆ ಕರೆದೊಯ್ದ. ರಸ್ತೆಯ ಬದಿಗೆ ಕಲ್ಲಿನ ತಡೆಗೋಡೆ ಕಟ್ಟುವ ಕೆಲಸ. ಸೈಟಿನ ಸ್ಟೋರನ್ನೂ ಕಾಕಾ ನೋಡಿಕೊಳ್ಳುತ್ತಿದ್ದರು. ಒಂದು ದಿನ ತಾಮ್ರದ ಕೇಬಲ್ಲಿನ ಸುರುಳಿ ಕಾಣೆಯಾಯಿತು. ಪೊಲೀಸರು ಕಾಕಾನನ್ನು ಎಳೆದೊಯ್ದು ಮೂರು ದಿನ ಇಟ್ಟುಕೊಂಡರು. ಬಲಗೈಯ ಮಣಿಕಟ್ಟು ಮುರಿದದ್ದು ಅಲ್ಲಿಯೇ. ನಾಲ್ಕನೆಯ ದಿನ ಕೇಬಲ್ ಗುತ್ತಿಗೆದಾರನ ಶೆಡ್ಡಿನ ಹಿಂದೆಯೇ ಸಿಕ್ಕಿತು. “ಹೋಗು” ಅಂದರು. ಅಷ್ಟೇ.

ನಾಸಿಕ್‌ಗೆ ಮಾತ್ರ ಸುದ್ದಿ ಅರ್ಧವೇ ಬಂದು ಮುಟ್ಟಿತ್ತು: ಶರಣಪ್ಪ ಕೇಬಲ್ ಕದ್ದು ಸಿಕ್ಕಿಬಿದ್ದನಂತೆ. ಕೆಲಸಗಾರರ ತಗಡಿನ ಶೆಡ್ಡುಗಳ ಸಾಲಿನಲ್ಲಿ ಅವರಿಗೆ ‘ಕೇಬಲ್ ಕಾಕಾ’ ಎಂಬ ಹೆಸರು ಬಿತ್ತು. ಕೈ ಮುಷ್ಟಿ ಕಟ್ಟುವುದಿಲ್ಲ, ಕರಣೆ ಹಿಡಿಯುವುದಿಲ್ಲ. ಬೇರೆಯವರು ಕಟ್ಟಿದ ಗೋಡೆಗೆ ಈಗ ಅವರು ಪೈಪಿನಲ್ಲಿ ನೀರು ಹೊಡೆಯುತ್ತಾರೆ. ಹೊಡೆದದ್ದು ಪೊಲೀಸರು, ಕದ್ದದ್ದು ತಾನಲ್ಲ, ಇಷ್ಟನ್ನು ಯಾವುದಾದರೂ ಸರ್ಕಾರ ಒಪ್ಪಿಕೊಳ್ಳಲಿ ಎಂಬುದೊಂದೇ ಅವರಿಗಿದ್ದ ಆಸೆ.

ಸಂಭಾಜಿನಗರದಲ್ಲಿ ನನಗೆ ಕಾನೂನು ಕಲಿಸಿದ ಮೇಡಂ ಇದ್ದಾರೆ. ಕಾಕಾನನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಮೇಡಂ ಕೋರ್ಟಿನ ಮರಾಠಿಯಲ್ಲಿ ಹೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ.

“ನಮ್ಮ ದೇಶದ ಮೇಲೆ ಹೀಗೆ ಒಬ್ಬ ಮನುಷ್ಯ ಜಿನೀವಾದ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡಲು ಬರುವುದಿಲ್ಲ. ನೇಪಾಳದ ಮೇಲೆ ಬರುತ್ತದೆ, ಅಂಥ ದೂರಿಗೆ ದಾರಿ ಕೊಡುವ ಒಪ್ಪಂದಕ್ಕೆ ಅವರು ಸಹಿ ಹಾಕಿದ್ದಾರೆ. ಆದರೆ ಮೊದಲು ಅವರ ಮನೆಯ ಬಾಗಿಲುಗಳನ್ನೆಲ್ಲ ತಟ್ಟಬೇಕು. ಠಾಣೆ, ಠಾಣೆಯ ಮೇಲಿನವರು, ಕೋರ್ಟು. ತಪ್ಪು ಸರಿಪಡಿಸಿಕೊಳ್ಳಲು ಮನೆಯವರಿಗೆ ಅವಕಾಶವನ್ನೇ ಕೊಡದೆ ಹೊರಗಿನವರನ್ನು ಕರೆದರೆ ಹೊರಗಿನವರು ಬರುವುದಿಲ್ಲ. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಅದನ್ನು ಬರೆಸಿಕೊಂಡು ಬನ್ನಿ.”

ಕಾಕಾ ನನ್ನ ಮುಖ ನೋಡಿದರು. “ಅಂದ್ರ, ಹೊಡದವರ ಕಡಿಗೇ ಹೋಗಿ, ನೀವು ಹೊಡದೀರಿ ಅಂತ ಹೇಳ್ಬೇಕಾ?”

“ಹೌದ್ರಿ ಕಾಕಾ.”

“ಅವರು ಇಲ್ಲ ಅಂತಾರ.”

“ಅದನ್ನೇ ತರಬೇಕಾಗ್ಯದ.”

“ಇಲ್ಲ ಅನ್ನಿಸ್ಕೊಳ್ಳಲಾಕ ಅಷ್ಟು ದೂರ ಯಾಕ ಹೋಗ್ಬೇಕು? ನಮ್ಮ ಕೂಲಿಯವರ ಮುಕಾದಮ ದಿನಾ ಅಂತಾನ!”

ಮೇಡಂಗೆ ಇದನ್ನು ಮರಾಠಿಯಲ್ಲಿ ಹೇಳಿದಾಗ ಅವರು ಕನ್ನಡಕ ತೆಗೆದು ನಕ್ಕರು. ನಾನೂ ನಕ್ಕೆ. ಆದರೆ ಜಿನೀವಾಕ್ಕೆ ಕಳಿಸಬೇಕಾದ ದೂರಿನ ಕರಡನ್ನು ನಾನು ಆಗಲೇ ಬರೆದು ಇಟ್ಟುಕೊಂಡಿದ್ದೆ. ವಕೀಲಿಕೆಯ ಮೊದಲ ವರ್ಷದಲ್ಲೇ ಅಂಥ ಜಾಗಕ್ಕೆ ದೂರು ಬರೆಯುವುದು ಎಷ್ಟು ಜನರಿಗೆ ಒದಗುತ್ತದೆ?

ನಾಸಿಕ್ ರೋಡ್

ನೇಪಾಳಕ್ಕೆ ಹೊರಟಿದ್ದೇವೆ ಎಂಬ ಮಾತು ಶೆಡ್ಡುಗಳಲ್ಲಿ ಹಬ್ಬಿದ್ದೇ ತಡ, ಕಾಕಾನನ್ನು ಕಳ್ಳ ಎಂದವರೂ ಪಶುಪತಿನಾಥನಿಗೆ ಹರಕೆ ತಂದುಕೊಟ್ಟರು. ತೆಂಗಿನಕಾಯಿ, ವಿಭೂತಿ ಗಟ್ಟಿ, ಒಣಗಿದ ಬಿಲ್ವಪತ್ರೆ, ಯಾರದೋ ಮಗುವಿನ ಕೂದಲು. ನಾವು ಹೋಗುವ ಊರಿಗೂ ಪಶುಪತಿಗೂ ಒಂದು ದಿನದ ಬಸ್ ದಾರಿ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

“ನೇಪಾಳ ಅಂದ್ರ ಪಶುಪತಿನಾಥ. ಮತ್ತೇನದ ಅಲ್ಲಿ?” ಎಂದಳು ಪಕ್ಕದ ಶೆಡ್ಡಿನ ಮುದುಕಿ.

“ಠಾಣೆ ಅದ ಅಜ್ಜಿ,” ಅಂದರು ಕಾಕಾ.

ಅವರ ಹೆಂಡತಿ ಕಾಶಿಬಾಯಿ ಕಾಕು ನಗಲಿಲ್ಲ. ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ನನ್ನ ಕೈಗಿಟ್ಟು, “ಅವರನ್ನ ಒಬ್ಬರನ್ನೇ ಒಳಗ ಕಳಸಬ್ಯಾಡ ನೋಡವ್ವಾ” ಎಂದು ಮೂರು ಸಲ ಹೇಳಿದರು. ಮೂರೂ ಸಲ ಹೂಂ ಅಂದೆ.

ಸೊನೌಲಿ

ಗೋರಖಪುರದವರೆಗೆ ರೈಲು, ಅಲ್ಲಿಂದ ಗಡಿಯವರೆಗೆ ಬಸ್ಸು. ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದಿದ್ದೆ, ಮೊದಲ ಮುದ್ರೆ ಹಾಕಿಸಿಕೊಳ್ಳುವ ಸಂಭ್ರಮದಲ್ಲಿ. ಗಡಿ ಎಂಬುದು ಒಂದು ಕಮಾನು, ಅದರ ಕೆಳಗೆ ರಿಕ್ಷಾಗಳು, ಒಂದು ಹಸು, ಕ್ಯಾರೆಟ್ ತುಂಬಿದ ಸೈಕಲ್ಲು. ಪೊಲೀಸನ ಮುಂದೆ ಪಾಸ್‌ಪೋರ್ಟ್ ಚಾಚಿದೆ. ಭಾರತದವರಿಗೆ ಬೇಡ ಎಂದು ಕೈಯಾಡಿಸಿದ. “ಒಂದು ಮುದ್ರೆ ಒತ್ತಿದರೆ ನಿಮ್ಮದೇನು ಹೋಗುತ್ತದೆ?” ಎಂದು ಕೇಳಿದೆ. ಹಿಂದಿನಿಂದ ಹಸು ತಳ್ಳಿತು. ನಾನು ವಿದೇಶಕ್ಕೆ ಕಾಲಿಟ್ಟದ್ದು ಹಾಗೆ.

ಆಚೆ ಬದಿಯಲ್ಲಿ ಗಡಿಯಾರ ಕಾಲು ಗಂಟೆ ಮುಂದಿತ್ತು. ಅರ್ಧವಲ್ಲ, ಒಂದಲ್ಲ, ಕಾಲು. ಇದೇ ನನ್ನ ಪಾಲಿನ ವಿದೇಶ ಎಂದುಕೊಂಡು ಕೈಗಡಿಯಾರವನ್ನು ತಿರುಗಿಸಿದೆ. ಕಾಕಾ ಗಡಿ ದಾಟಿದ ಮೇಲೆ ಮಾತು ನಿಲ್ಲಿಸಿದರು. ಗುಡ್ಡ ಹತ್ತುವ ಬಸ್ಸಿನಲ್ಲಿ ತಾನು ಕಟ್ಟಿದ ಗೋಡೆ ಬಂದಾಗ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ, ಗೋಡೆ ಹಿಂದೆ ಸರಿಯುವವರೆಗೂ ನೋಡಿದರು. “ನಿಂತದ” ಅಂದರು.

ಶನಿವಾರ

ಅಲ್ಲಿಯ ವಕೀಲೆ ಸರಿತಾ ದೀದಿ. ಮೇಡಂಗೆ ಪರಿಚಯದವರು. ಮನೆಯ ಮೇಲಿನ ಕೋಣೆಯಲ್ಲಿ ನಮ್ಮನ್ನು ಇರಿಸಿಕೊಂಡರು. ನನ್ನನ್ನು ‘ಬಹಿನಿ’ ಅಂದರು, ಅಂದರೆ ತಂಗಿ; ಕಾಕಾನನ್ನು ‘ದಾಜು’, ಅಂದರೆ ಅಣ್ಣ. ಆ ಊರಲ್ಲಿ ಅಂಗಡಿಯವನೂ, ಬಸ್ಸಿನವನೂ ಕಾಕಾನನ್ನು ದಾಜು ಎಂದೇ ಕರೆಯುತ್ತಿದ್ದರು. ನಾಸಿಕ್‌ನಲ್ಲಿ ಮೂವತ್ತು ವರ್ಷದಿಂದ ಅವರನ್ನು ‘ಏಯ್’ ಎಂದು ಕರೆಯುವ ಮೇಸ್ತ್ರಿಗಳನ್ನು ನಾನು ನೋಡಿದ್ದೇನೆ.

ನಾನು ಎರಡು ತಪ್ಪು ಮಾಡಿಕೊಂಡು ಬಂದಿದ್ದೆ. ಅಲ್ಲಿ ವಾರದ ರಜೆ ಶನಿವಾರ. ಕಚೇರಿಗೆ ಓಡಾಡಲು ಅಂತ ಇಟ್ಟುಕೊಂಡ ದಿನ ಎಲ್ಲ ಮುಚ್ಚಿತ್ತು, ವಿಶ್ರಾಂತಿಗೆ ಇಟ್ಟುಕೊಂಡ ಭಾನುವಾರ ಎಲ್ಲ ತೆರೆದಿರುತ್ತಿತ್ತು. ಎರಡನೆಯದು ದೊಡ್ಡದು. ಪೆಟ್ಟು ತಿಂದವರು ದೂರು ಕೊಡಲು ಅಲ್ಲಿ ತಿಂಗಳ ಲೆಕ್ಕದ ಗಡುವಿದೆ. ನಾನು ನಮ್ಮ ಕ್ಯಾಲೆಂಡರಿನಲ್ಲಿ ಎಣಿಸಿ ಬುಧವಾರ ಎಂದು ಡೈರಿಯಲ್ಲಿ ಕೆಂಪು ಗೆರೆ ಎಳೆದಿದ್ದೆ. ದೀದಿ ಗೋಡೆಯ ಮೇಲಿನ ವಿಕ್ರಮ ಶಕೆಯ ಕ್ಯಾಲೆಂಡರ್ ಇಳಿಸಿ ನನ್ನ ಮುಂದೆ ಹರಡಿದರು.

“ನಿಮ್ಮ ತಿಂಗಳು ಇಲ್ಲಿ ನಡೆಯುವುದಿಲ್ಲ ಬಹಿನಿ. ಸೋಮವಾರ ಕೊನೆ.”

“ಸೋಮವಾರ ದಾಟಿದರೆ?”

“ದಾಟಿದರೆ ಇಲ್ಲಿಯೂ ಬಾಗಿಲು ಮುಚ್ಚುತ್ತದೆ, ಜಿನೀವಾದವರೂ ಕೇಳುತ್ತಾರೆ, ಇದ್ದ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಯಾಕೆ ತಟ್ಟಲಿಲ್ಲ ಅಂತ.”

ನಾನು ಊಟ ಬಿಟ್ಟು ಮತ್ತೆ ಮತ್ತೆ ದಿನ ಎಣಿಸಿದೆ. ಕಾಕಾ ಮಾತ್ರ ದೀದಿಯ ಅನ್ನ, ಬೇಳೆ, ಸಾಸಿವೆ ಸೊಪ್ಪನ್ನು ಎರಡು ಸಲ ಬಡಿಸಿಕೊಂಡರು, ಮೇಲೆ ಎರಡು ಗ್ಲಾಸು ಚಹಾ ಕುಡಿದರು. “ಎರಡು ದಿನ ಅವ ಅಲ್ಲ ವಕೀಲಬಾಯಿ? ಇಲ್ಲ ಅನ್ನಲಾಕ ಒಬ್ಬ ಮನುಷ್ಯಾಗ ಎಷ್ಟೊತ್ತು ಹಿಡೀತದ?”

ಭಾನುವಾರ

ಬಹಳ ಹೊತ್ತು ಹಿಡಿಯುತ್ತದೆ ಎಂದು ತಿಳಿಯಿತು. ಕಾರಣ, ಆ ಠಾಣೆಯಲ್ಲಿ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ.

ಬಾಗಿಲಲ್ಲಿ ಕಾಕಾನ ಕಾಲು ಒಂದು ಗಳಿಗೆ ತಡೆಯಿತು. ನಾನು ಎಡಗೈ ಹಿಡಿದುಕೊಂಡೆ, ಒಳಗೆ ಹೋದೆವು. ಅವರನ್ನು ಹೊಡೆದವರು ವರ್ಗವಾಗಿ ಹೋಗಿದ್ದರು. ಹೊಸ ಇನ್‌ಸ್ಪೆಕ್ಟರ್ ನನ್ನಣ್ಣನ ವಯಸ್ಸಿನವನು, ಕುರ್ಚಿ ತಾನೇ ಎಳೆದು ಕೊಟ್ಟ. ದೂರು ಬರೆದುಕೊಳ್ಳಿ ಅಂದರೆ, “ಭೋಲಿ” ಅಂದ. ನಾಳೆ ಎಂದರ್ಥ; ಆ ದೇಶದಲ್ಲಿ ನಾನು ಮೊದಲು ಕಲಿತ ಶಬ್ದ. ಹಾಗಾದರೆ ತೆಗೆದುಕೊಳ್ಳುವುದಿಲ್ಲ ಎಂದಾದರೂ ಬರೆದುಕೊಡಿ ಎಂದರು ದೀದಿ. ಅವನ ಮುಖ ನೊಂದಂತಾಯಿತು. “ಇಲ್ಲ ಅಂತ ಹೇಗೆ ಬರೆಯಲಿ? ಅಷ್ಟು ದೂರದಿಂದ ಬಂದಿದ್ದೀರಿ. ಮೊದಲು ಚಹಾ ಕುಡಿಯಿರಿ.”

ಚಹಾ ಬಂತು. ನಾನು ಕುಡಿದೆ, ದೀದಿ ಕುಡಿದರು. ಕಾಕಾ ಮುಂದಿಟ್ಟ ಗ್ಲಾಸಿನ ಮೇಲೆ ಬಲ ಅಂಗೈ ಮುಚ್ಚಿ ಕೂತರು. ಮುರಿದ ಕೈ ಪೂರ್ತಿ ಚಾಚುವುದಿಲ್ಲ. ಸೊಟ್ಟ ಬೆರಳುಗಳ ಸಂದಿಯಿಂದ ಹಬೆ ಏಳುತ್ತಿತ್ತು. ಮತ್ತೊಂದು ಸಲ ಬಿಸಿ ಚಹಾ ಬಂದಾಗಲೂ ಹಾಗೆಯೇ. ನನಗೆ ನಾಚಿಕೆಯಾಗಿ ಕನ್ನಡದಲ್ಲಿ, “ಒಂದು ಗುಟುಕು ಕುಡೀರಿ ಕಾಕಾ, ಏನ್ ತಿಳ್ಕೊಳ್ತಾರ” ಅಂದೆ. ಅವರು ಕೇಳಿಸಿಕೊಳ್ಳದವರಂತೆ ಗೋಡೆ ನೋಡಿದರು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಒಂದು ದಾರಿ ಹೇಳಿದ, ಹಿಂದಿಯಲ್ಲಿ, ಬಹಳ ನಯವಾಗಿ. “ದಾಜು ಕಳ್ಳರಲ್ಲ ಎಂದು ನಾನು ಬರೆದುಕೊಡುತ್ತೇನೆ. ಮೊಹರು ಹಾಕುತ್ತೇನೆ. ಕೆಳಗೆ ‘ಇನ್ನು ನನ್ನದೇನೂ ತಕರಾರಿಲ್ಲ’ ಎಂದು ಅವರು ಸಹಿ ಮಾಡಲಿ. ನಾಳೆಯ ಬಸ್ಸಿಗೆ ಸಂತೋಷದಿಂದ ಹೋಗಲಿ.”

ಸಹಿ ಬಿದ್ದರೆ ಎಲ್ಲ ಮುಗಿಯಿತು. ಠಾಣೆ, ಕೋರ್ಟು, ಜಿನೀವಾ ಮೂರೂ. ಆದರೆ ಕಾಕಾ ಕೇಳುತ್ತಿದ್ದುದರಲ್ಲಿ ಅರ್ಧ ಆ ಮೇಜಿನ ಮೇಲೆ ಸಿದ್ಧವಾಗಿತ್ತು. ಆ ಕಾಗದ ತೋರಿಸಿದರೆ ನಾಳೆಯಿಂದ ನಾಸಿಕ್‌ನಲ್ಲಿ ಯಾರೂ ಕೇಬಲ್ ಎನ್ನಲಾರರು. ಬೇಡ ಅನ್ನಲು ನಾನು ಯಾರು? ಕಾಕಾನಿಗೆ ಕನ್ನಡದಲ್ಲಿ ಒಂದು ಶಬ್ದ ಬಿಡದೆ ಹೇಳಿದೆ.

ಕಾಕಾ ಗ್ಲಾಸಿನ ಮೇಲಿದ್ದ ತಮ್ಮ ಕೈಯನ್ನೇ ನೋಡಿದರು.

“ಕದ್ದಿಲ್ಲ ಅಂತ ಬರೀತಾರ. ಛಲೋ ಆತು. ಮತ್ತ ಈ ಕೈ? ಇದು ತಾನೇ ಮುರಕೊಂಡಿತೇನು?”

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಚಹಾದ ಗುಟ್ಟು ಹೇಳಿದರು. ಅವರ ಶೆಡ್ಡುಗಳಲ್ಲಿ ಜಗಳವಾದರೆ ಮುಕಾದಮ ಇಬ್ಬರನ್ನೂ ಕೂಡಿಸುತ್ತಾನೆ. ತಪ್ಪಿತಸ್ಥ ಚಹಾ ತರಿಸುತ್ತಾನೆ. ಎದುರಿನವನು ಕುಡಿದರೆ ಜಗಳ ಅಲ್ಲಿಗೆ ಮುಗಿಯಿತು, ಮತ್ತೆಂದೂ ಎತ್ತುವಂತಿಲ್ಲ. ಒಪ್ಪಿಗೆಯಿಲ್ಲದಿದ್ದರೆ ಗ್ಲಾಸಿನ ಮೇಲೆ ಬಲಗೈ ಮುಚ್ಚಬೇಕು. ಆಗ ಮಾತು ಹಿರಿಯರ ಕಡೆಗೆ ಹೋಗುತ್ತದೆ.

“ನೀ ಕುಡೀಬಹುದು,” ಎಂದು ಸಮಾಧಾನ ಮಾಡಿದರು. “ನಿನ್ನ ಕೈ ಮುರಿದಿಲ್ಲಲ್ಲ.”

ನಾನು ಐದು ವರ್ಷ ಓದಿದ್ದನ್ನು ಈ ಮನುಷ್ಯ ಒಂದು ಗ್ಲಾಸಿನಲ್ಲಿ ತುಂಬಿಟ್ಟಿದ್ದಾರಲ್ಲ ಎಂದು ದೀದಿಗೆ ಹಿಂದಿಯಲ್ಲಿ ಹೇಳಿದೆ. ದೀದಿ, “ಹಾಗಾದರೆ ನಾಳೆ ಹಿರಿಯರ ಕಡೆಗೇ ಹೋಗೋಣ” ಅಂದರು.

ಆ ದಿನದ ಡೈರಿ: ಚಹಾ, ನನ್ನದು ನಾಲ್ಕು, ಕಾಕಾನದು ಸೊನ್ನೆ. ಭೋಲಿ, ಲೆಕ್ಕ ತಪ್ಪಿತು. ಇಲ್ಲ, ಒಂದೂ ಇಲ್ಲ.

ಸೋಮವಾರ

ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಜಿಲ್ಲೆಯ ದೊಡ್ಡ ಅಧಿಕಾರಿಯ ಹತ್ತಿರ ಹೋಗಬಹುದು. ಬೆಳಿಗ್ಗೆಯೇ ಅವರ ಕಚೇರಿಯ ಬೆಂಚಿನಲ್ಲಿ ಕೂತೆವು. ನಮಗಿಂತ ಮೊದಲು ಬಂದವರು ಬಹಳ ಜನ. ಒಬ್ಬಾಕೆ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ತಕರಾರು ಆ ಕೋಳಿ ಯಾರದೆಂಬುದರ ಬಗ್ಗೆಯೇ ಇತ್ತು. ಕಾಕಾ ಆ ಕೋಳಿಗೆ ನಮ್ಮ ರೊಟ್ಟಿಯ ಚೂರು ಹಾಕಿದರು. ಕಂಕುಳಿನಲ್ಲೇ ಕತ್ತು ಚಾಚಿ ಅದು ತಿಂದಿತು. ನಮ್ಮ ತಾಲ್ಲೂಕು ಕಚೇರಿಗಳ ವಾಸನೆಯೇ ಅಲ್ಲೂ ಇತ್ತು, ಹಳೆಯ ಕಾಗದ ಮತ್ತು ಒದ್ದೆ ಛತ್ರಿ.

ಕರೆ ಬಂದದ್ದು ಊಟದ ಹೊತ್ತು ಕಳೆದ ಮೇಲೆ. ಅಧಿಕಾರಿ ನಿವೃತ್ತಿಯ ಅಂಚಿನವರು, ಹೂವಿನ ಚಿತ್ತಾರದ ಟೋಪಿ, ಮೊಣಕೈ ಸವೆದ ಸ್ವೆಟರ್. ದೀದಿ ನೇಪಾಳಿಯಲ್ಲಿ ಎಲ್ಲ ಹೇಳುತ್ತಿರುವಾಗ ಚಹಾ ಬಂತು. ಕಾಕಾನ ಬಲಗೈ ಗ್ಲಾಸಿನ ಮೇಲೆ ಹೋಯಿತು.

ಅಧಿಕಾರಿ ದೀದಿಯ ಮಾತು ತಡೆದು ಕಾಕಾನನ್ನೇ ಕೇಳಿದರು, ಹಿಂದಿಯಲ್ಲಿ: “ಸಕ್ಕರೆ ಕಾಯಿಲೆಯೇ?”

ನಾನು ಬಾಯಿ ತೆರೆಯುವ ಮೊದಲೇ ಕಾಕಾ ತಮ್ಮ ಸೈಟಿನ ಹಿಂದಿಯಲ್ಲಿ ಉತ್ತರ ಕೊಟ್ಟರು. “ಸಾಬ್, ಹಮಾರೇ ಮೇಂ ಚಾಯ್ ಪಿಯಾ ತೋ ಝಗಡಾ ಖತಮ್.”

ಅವರು ನಗಲಿಲ್ಲ. ಎದ್ದು ಈಚೆ ಬಂದು ಕಾಕಾನ ಕೈ ಎತ್ತಿ ನೋಡಿದರು. “ಮುಚ್ಚಿ,” ಅಂದರು. ಬೆರಳುಗಳು ಅರ್ಧಕ್ಕೆ ಬಂದು ನಿಂತವು. ಕೈಯನ್ನು ಮೆಲ್ಲಗೆ ಕೆಳಗಿಟ್ಟು, ಚಹಾ ತಂದವನಿಗೆ ನೇಪಾಳಿಯಲ್ಲಿ, “ಈ ಗ್ಲಾಸು ತೆಗೆದುಕೊಂಡು ಹೋಗು. ಇವರ ಕೆಲಸ ಇನ್ನೂ ಆಗಿಲ್ಲ” ಅಂದರು. ದೀದಿ ನನಗೆ ಪಿಸುಗುಟ್ಟಿ ಹೇಳಿದ ಮೇಲೆಯೇ ಅದು ಅರ್ಥವಾದದ್ದು.

ಕುರ್ಚಿಗೆ ಮರಳಿ ಕೂತು ಹಿಂದಿಯಲ್ಲಿ ಕೇಳಿದರು: “ದೂರು ಬರೆದುಕೊಳ್ಳಿ ಎಂದು ಠಾಣೆಗೆ ಆದೇಶ ಕೊಡಬಹುದು. ಇಲ್ಲವೇ ಆಗುವುದಿಲ್ಲ ಎಂದು ನಾನೇ ಬರೆದುಕೊಡಬಹುದು. ಅದಕ್ಕಾಗಿಯೂ ಬಂದಿದ್ದೀರಂತೆ. ಬಹಿನಿ, ನಿಮಗೆ ಯಾವುದು ಬೇಕು?”

ಎರಡು ದಿನದಿಂದ ಬೇಡುತ್ತಿದ್ದ ‘ಇಲ್ಲ’ ಕಡೆಗೂ ಎದುರಿಗೆ ಬಂದು ಕೂತಿತ್ತು. ನಾನು ಕಾಕಾನ ಕಡೆ ತಿರುಗಿದೆ.

“ಏನಂತಾರ?” ಎಂದರು ಕಾಕಾ. ಹೇಳಿದೆ. ಎರಡನ್ನೂ ಸಮವಾಗಿ ಹೇಳಲು ಪ್ರಯತ್ನಪಟ್ಟೆ.

“ಬರ್ಕೋ ಅಂತ ಹೇಳು,” ಅಂದರು ಕಾಕಾ. “ಬರ್ಕೊಳ್ಳೋರು ಸಿಕ್ಕಾಗ ಇಲ್ಲ ಅನ್ನಿಸ್ಕೊಂಡು ಹೋಗೂದು ಯಾವ ಶ್ಯಾಣೇತನ?”

ಕಚೇರಿ ಮುಚ್ಚುವ ಮೊದಲು ಆದೇಶದೊಂದಿಗೆ ಠಾಣೆಗೆ ಓಡಿದೆವು. ಅದೇ ಇನ್‌ಸ್ಪೆಕ್ಟರ್, ಅದೇ ಕುರ್ಚಿ ಎಳೆದುಕೊಟ್ಟ. ಈಗ ಅವನ ಮುಖದಲ್ಲೂ ಒಂದು ಹಗುರ ಇತ್ತು. ಇಲ್ಲ ಅನ್ನಬೇಕಾದ ಕಷ್ಟ ತಪ್ಪಿತಲ್ಲ. ಕಾಕಾ ಹೇಳುತ್ತ ಹೋದರು, ನಾನು ಹಿಂದಿಗೆ, ದೀದಿ ನೇಪಾಳಿಗೆ. ಯಾವ ಕೋಣೆ, ಯಾವ ಕೋಲು, ಯಾರು ಹಿಡಿದುಕೊಂಡಿದ್ದರು. ಅರ್ಧದಲ್ಲಿ ಕಾಕಾನ ದನಿ ನಿಂತುಹೋಯಿತು. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು ಕಾದ. ಚಹಾ ತರಿಸಲಿಲ್ಲ.

ಬರೆದದ್ದನ್ನು ಓದಿ ಹೇಳಿದ ಮೇಲೆ ಕಾಕಾ, “ಹೊಡದರು ಅಂತ ಎಲ್ಲಿ ಬರದಾರ?” ಎಂದು ಕೇಳಿದರು. ದೀದಿ ಆ ಜಾಗ ತೋರಿಸಿದರು. ಎರಡು ಕಡೆ ಇತ್ತು. ಎರಡನ್ನೂ ನೋಡಿ, ಎಡಗೈಯಲ್ಲಿ ಸೊಟ್ಟಪಟ್ಟ ಸಹಿ ಹಾಕಿದರು.

ಹೊರಗೆ ಬಂದು ದೀದಿ ನನ್ನ ಹೆಗಲ ಮೇಲೆ ಕೈಹಾಕಿದರು. “ಅಭಿನಂದನೆ ಬಹಿನಿ. ನಿನ್ನ ಜಿನೀವಾ ಹೋಯಿತು.”

ಮನಮಾಡ್ ದಾಟಿದ ಮೇಲೆ

ರೈಲಿನಲ್ಲಿ ಎರಡು ದಿನ ನಾನು ಹೆಚ್ಚು ಮಾತಾಡಲಿಲ್ಲವಂತೆ. ಲಾಸಲಗಾಂವ್ ಹತ್ತಿರ ಬಂದು ಕಿಟಕಿಯಲ್ಲಿ ಈರುಳ್ಳಿಯ ವಾಸನೆ ನುಗ್ಗಿದಾಗ ಕಾಕಾ ಕೇಳಿದರು.

“ಯಾಕ ವಕೀಲಬಾಯಿ? ಜಿನೀವಾ ತಪ್ಪಿತಂತ ಬ್ಯಾಸರಾಗ್ಯದ?”

ಸುಳ್ಳು ಹೇಳಲಾಗಲಿಲ್ಲ. “ಸ್ವಲ್ಪ ಆಗ್ಯದ್ರಿ.”

ಅವರ ದೇಶವೇ ದೂರು ತೆಗೆದುಕೊಂಡಿರುವಾಗ, ಅದು ಮುಗಿಯುವವರೆಗೆ ಹೊರಗಿನವರು ನಮ್ಮ ಪತ್ರ ತೆರೆಯುವುದಿಲ್ಲ ಎಂದು ವಿವರಿಸಿದೆ. ಎಷ್ಟು ವರ್ಷವಾದರೂ ಆಗಬಹುದು, ಸಾಕ್ಷಿ ಹೇಳಲು ಮತ್ತೆ ಹೋಗಬೇಕಾಗಬಹುದು ಎಂದೂ ಹೇಳಿದೆ. ಅವರು ತಲೆಯಾಡಿಸಿದರು.

“ಆ ಜಿನೀವಾಕ್ಕ ರೈಲು ಹೋಗ್ತದೇನು?”

“ಅಲ್ಲಿಗೆ ನಾವು ಹೋಗೂದಿರಲಿಲ್ಲ ಕಾಕಾ. ಇಲ್ಲಿಂದಲೇ ಈಮೇಲ್ ಮಾಡೂದು.”

“ಈಮೇಲಾ?” ಅವರಿಗೆ ನಿಜವಾಗಿ ನಿಬ್ಬೆರಗಾಯಿತು. “ನಾ ಥಂಡಿ ಊರಂತ ಸ್ವೆಟರ್ ಕೇಳಿಟ್ಟಿದ್ದೆ!”

ಎದುರಿಗೆ ಕೂತವರು ತಿರುಗಿ ನೋಡುವಷ್ಟು ನಕ್ಕೆ. ಅವರೂ ನಕ್ಕು, ಆಮೇಲೆ ಮಕ್ಕಳಿಗೆ ಹೇಳುವ ದನಿಯಲ್ಲಿ ಅಂದರು: “ಇರಲಿ. ಆ ಟೋಪಿ ಸಾಹೇಬ ಮೋಸ ಮಾಡಾಂವಲ್ಲ ಅನಸ್ತದ. ಮಾಡಿದ್ರ ಆಗ ಕಳಸು ನಿನ್ನ ಈಮೇಲ್. ನಾ ಎಲ್ಲಿ ಹೋಗ್ತೀನಿ?”

ಕೈ ಮುರಿಸಿಕೊಂಡವರು ನನ್ನನ್ನು ಸಮಾಧಾನ ಮಾಡುತ್ತಿದ್ದರು. ಆ ಕರಡು ಎಂದೂ ಹೋಗದಿರಲಿ ಎಂದು ನಾನು ಮೊದಲ ಸಲ ಬಯಸಿದ್ದು ಆಗ.

ನಾಸಿಕ್ ರೋಡ್ ಪ್ಲಾಟ್‌ಫಾರ್ಮಿನಲ್ಲಿ ಕಾಶಿಬಾಯಿ ಕಾಕು ನಿಂತಿದ್ದರು. ಕಾಕಾ ಫೋನಿನಲ್ಲಿ ಅವರಿಗೆ ಬರುವ ಹೊತ್ತನ್ನು ಬಿಟ್ಟು ಏನೂ ಹೇಳಿರಲಿಲ್ಲ. ನಾವು ಇಳಿಯುವ ಮೊದಲೇ ಕಿಟಕಿಯ ಹೊರಗಿನಿಂದ ಕೇಳಿದರು, “ಇಲ್ಲ ಅಂದ್ರಾ?”

“ಅನ್ನಲಿಲ್ಲ,” ಎಂದರು ಕಾಕಾ ಬಾಗಿಲಿನಿಂದ. “ಬರ್ಕೊಂಡ್ರು.”

“ಏನಂತ?”

“ಹೊಡದರಂತ. ಎರಡು ಕಡಿಗೆ ಬರದಾರ.”

ಕಾಕು ಜನ ಓಡಾಡುವ ದಾರಿಯ ನಡುವೆಯೇ ಕುಸಿದು ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೂಲಿಯವನೊಬ್ಬ ಮರಾಠಿಯಲ್ಲಿ ಬೈದುಕೊಳ್ಳುತ್ತ ಸುತ್ತುಹಾಕಿ ಹೋದ.

“ಫೋನಿನ್ಯಾಗ ಒಂದು ಮಾತು ಹೇಳಬಾರದಿತ್ತಾ?” ಎಂದರು ಕಾಕು, ಕಣ್ಣೊರೆಸಿಕೊಂಡು.

ಕಾಕಾ ಅವರ ಪಕ್ಕ ನೆಲದ ಮೇಲೆಯೇ ಕೂತರು. “ಫೋನಿನ್ಯಾಗ ಹೇಳಿದ್ರ ನಿನ್ನ ಮಾರಿ ಹ್ಯಾಂಗ ನೋಡ್ತಿದ್ದೆ?”